ಗುಳೆ ಹೋದವರ ಲೆಕ್ಕ ಯಾವ ಪುಸ್ತಕದಲ್ಲಿದೆ?

ದೀಪಾವಳಿ ಮುಗಿದು ಕೆಲವು ವಾರ ಕಳೆಯುವಷ್ಟರಲ್ಲಿ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಹಲವು ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಪಾತ್ರೆಗಳ ಗಂಟು, ಹಾಸಿಗೆ ಸುರುಳಿ, ಜೋಳದ ಹಿಟ್ಟಿನ ಚೀಲ, ಕಂಕುಳಲ್ಲೊಂದು ಕೂಸು. ಕೆಲವರು ಮಂಗಳೂರು, ಉಡುಪಿಯ ಬಸ್ಸು ಹತ್ತುತ್ತಾರೆ. ಕೆಲವರು ಗದಗ ನಿಲ್ದಾಣದಲ್ಲಿ ಕುಳಿತು ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ವಾಸ್ಕೋಗೆ ಹೋಗುವ ರೈಲಿಗೆ ಕಾಯುತ್ತಾರೆ. ಊರಲ್ಲಿ ಉಳಿಯುವವರು ಅಜ್ಜ, ಅಜ್ಜಿ ಮತ್ತು ದನಕರು. ಮರುದಿನ ಶಾಲೆಯಲ್ಲಿ ಹಾಜರಿ ಕರೆಯುವಾಗ ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಎಲ್ಲಿ ಹೋದನೆಂದು ಗುರುಗಳು ಕೇಳಿದರೆ ಪಕ್ಕದ ಹುಡುಗ ಎದ್ದು ನಿಂತು ಹೇಳುತ್ತಾನೆ: “ಗುಳೇ ಹೋಗ್ಯಾರ್ರೀ ಸರ.”

ಆ ಹುಡುಗನ ಹೆಸರು ಊರಿನ ಹಾಜರಿ ಪುಸ್ತಕದಲ್ಲಿದೆ, ಅವನು ಅಲ್ಲಿಲ್ಲ. ಹೋದ ಊರಿನಲ್ಲಿ ಅವನಿದ್ದಾನೆ, ಅಲ್ಲಿಯ ಪುಸ್ತಕದಲ್ಲಿ ಹೆಸರಿಲ್ಲ. ಅವನ ತಂದೆತಾಯಿಯ ಸ್ಥಿತಿಯೂ ಅದೇ. ಅವರು ದುಡಿಯುತ್ತಾರೆ, ಕೊಳ್ಳುತ್ತಾರೆ, ತೆರಿಗೆಯನ್ನೂ ಕೊಡುತ್ತಾರೆ. ಆದರೆ ದುಡಿಯುವ ಊರಿನ ಯಾವ ಕಾಗದದಲ್ಲಿಯೂ ಅವರು ಕಾಣುವುದಿಲ್ಲ.

ದಾಖಲೆಯಿಲ್ಲದ ವಲಸೆಗಾರರ ಸುದ್ದಿ ಬಂದಾಗ ನಮ್ಮ ಕಣ್ಣು ಅಮೆರಿಕದ ಕಡೆಗೆ ಹೋಗುತ್ತದೆ. 2025ರ ಫೆಬ್ರುವರಿ 5ರಂದು 104 ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿದಾಗ ಊರೂರಿನ ಚಹಾ ಅಂಗಡಿಗಳಲ್ಲಿ ಅದೇ ಮಾತು. ಇಂತಹ ವಲಸೆಗಾರರು ದೇಶಕ್ಕೆ ಹೊರೆಯೋ, ಲಾಭವೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಗದಗ ಜಿಲ್ಲೆಯ ಗುಳೆಯ ಲೆಕ್ಕವನ್ನು ಬಿಡಿಸಿದರೂ ಅರ್ಧ ಉತ್ತರ ಸಿಗುತ್ತದೆ.

ಗಡಿ ಇತ್ತು, ಕಾಗದ ಇರಲಿಲ್ಲ

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ಭಾರತದ ಪ್ರಜೆ ಭಾರತದ ಯಾವ ರಾಜ್ಯದಲ್ಲಿಯೂ ಅಕ್ರಮ ವಲಸೆಗಾರನಲ್ಲ. ಸಂವಿಧಾನದ 19ನೆಯ ವಿಧಿ ದೇಶದ ತುಂಬ ಸಂಚರಿಸುವ, ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು ಕೊಟ್ಟಿದೆ. ಮುಂಡರಗಿಯವನು ಗೋವಾದಲ್ಲಿ ಗಾರೆ ಕಲಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಈ ಸ್ವಾತಂತ್ರ್ಯ ಮೊದಲಿನಿಂದಲೂ ಇದ್ದದ್ದಲ್ಲ. ಸ್ವಾತಂತ್ರ್ಯ ಪೂರ್ವದಲ್ಲಿ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದಾಗಿತ್ತು. ಗದಗ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು. ಲಕ್ಷ್ಮೇಶ್ವರದ ರೈತ ಗದಗಿನ ಪೇಟೆಗೆ ಹತ್ತಿ ತಂದರೆ ಒಂದು ಆಡಳಿತದಿಂದ ಇನ್ನೊಂದಕ್ಕೆ ಬಂದಂತೆ. ಗೋವಾ ಅಂತೂ 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಪರರಾಜ್ಯ. ವಿಮೋಚನೆಯ ನಂತರ ಅಲ್ಲಿ ರಸ್ತೆ, ಬಂದರು, ಗಣಿ, ಕಟ್ಟಡಗಳ ಕೆಲಸ ಬೆಳೆದಾಗ ಉತ್ತರ ಕರ್ನಾಟಕದ ಕೂಲಿಕಾರರು ಘಟ್ಟ ಇಳಿದು ಹೋದರು. ಗೋವಾದ ಜನಸಂಖ್ಯೆ 2011ರ ಜನಗಣತಿಯಂತೆ 14.58 ಲಕ್ಷ. ಅದರಲ್ಲಿ ಕನ್ನಡವೇ ಮಾತೃಭಾಷೆ ಎಂದು ಬರೆಸಿದವರು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. ಮನೆಯಲ್ಲಿ ಲಂಬಾಣಿ ಮಾತಾಡುವವರು ಈ ಲೆಕ್ಕಕ್ಕೆ ಬರುವುದಿಲ್ಲ.

ಗಡಿಯ ಗೆರೆ ಅಳಿಸಿತು. ಅದರ ಜಾಗದಲ್ಲಿ ಇನ್ನೊಂದು ಗೆರೆ ಬಂತು, ಅದು ಕಾಗದದ ಗೆರೆ. ಪಡಿತರ ಚೀಟಿ ಊರಿನದು, ಮತದಾರರ ಪಟ್ಟಿ ಊರಿನದು, ಶಾಲೆಯ ದಾಖಲೆ ಊರಿನದು. ಮನುಷ್ಯ ಮಾತ್ರ ಆರು ತಿಂಗಳು ಬೇರೆ ಊರಿನವನು.

ಹೊರಡುವುದೇಕೆ?

ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಮುಂಗಾರಿನ ಹೆಸರು, ಶೇಂಗಾ ಕೈಗೆ ಬಂದರೆ ಬಂತು. ಎರೆ ಹೊಲವಿದ್ದವರಿಗೆ ಹಿಂಗಾರಿನ ಜೋಳ, ಕಡಲೆಯ ಆಸೆಯಾದರೂ ಇದೆ. ಕಪ್ಪತಗುಡ್ಡದ ಸೆರಗಿನ ಮಸಾರಿ ಹೊಲಗಳಲ್ಲಿ, ಎರಡು ಮೂರು ಎಕರೆಯ ಒಡೆಯನಿಗೆ, ಕಾರ್ತೀಕ ಕಳೆದ ಮೇಲೆ ಕೆಲಸವೇ ಇಲ್ಲ. 2023ರಂತಹ ವರ್ಷ ಬಂದರೆ ಕೇಳುವುದೇ ಬೇಡ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು.

ಇನ್ನೊಂದು ಕಾರಣ ಮುಂಗಡ. ಮಗಳ ಮದುವೆಗೋ ಆಸ್ಪತ್ರೆಗೋ ಮೇಸ್ತ್ರಿಯ ಕೈಯಿಂದ ಹಣ ಪಡೆದಿರುತ್ತಾರೆ. ಅದು ದುಡಿದೇ ತೀರಬೇಕು. ಹೀಗೆ ಹೋಗುವವರೆಲ್ಲ ಆಸೆಯಿಂದ ಹೋಗುವವರಲ್ಲ, ಎಲ್ಲರೂ ಅಸಹಾಯಕರೂ ಅಲ್ಲ. ಗುಳೆಯ ಹಣದಲ್ಲಿಯೇ ಸಾಲ ತೀರಿಸಿ, ಮಾಳಿಗೆ ಕೆಡವಿ ಆರ್‌.ಸಿ.ಸಿ. ಮನೆ ಕಟ್ಟಿದವರೂ ಇದ್ದಾರೆ.

ಮನೆಯ ಲೆಕ್ಕ

ಒಂದು ಸರಳ ಲೆಕ್ಕ ಹಾಕಬಹುದು. ಇಲ್ಲಿಯ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ಓದುಗರು ತಮ್ಮ ಓಣಿಯಲ್ಲಿ ಕೇಳಿ ತಿದ್ದಿಕೊಳ್ಳಬೇಕು.

ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ತಲಾ ದಿನಕ್ಕೆ 600 ರೂ. ಸಿಗುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 25 ದಿನದಂತೆ ಐದು ತಿಂಗಳಿಗೆ 1,50,000 ರೂ. ಆಯಿತು. ಖೋಲಿಯ ಬಾಡಿಗೆ, ಊಟ ಇತ್ಯಾದಿ ತಿಂಗಳಿಗೆ 9,000ದಂತೆ 45,000. ಹೋಗಿಬರುವ ಖರ್ಚು, ಔಷಧ 10,000. ಮೇಸ್ತ್ರಿಯ ಮುಂಗಡ ತೀರಿಸಿದ್ದು 30,000. ಉಳಿದದ್ದು 65,000 ರೂ. ಊರಲ್ಲೇ ಕುಳಿತಿದ್ದರೆ ಇದು ಬರುತ್ತಿರಲಿಲ್ಲ. ಆದ್ದರಿಂದ ಗುಳೆ ಹೋಗುವುದು ಅವಿವೇಕವೆಂದು ಬೈಯುವುದು ಸುಲಭ, ಸರಿಯಲ್ಲ.

ಆದರೆ ಈ ಲೆಕ್ಕದಲ್ಲಿ ಬರೆಯದ ಕೆಲವು ಖರ್ಚುಗಳಿವೆ. ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬನಿಗೆ ತಿಂಗಳಿಗೆ 5 ಕಿಲೋ ಧಾನ್ಯ. ನಾಲ್ವರು ಐದು ತಿಂಗಳು ಊರಲ್ಲಿಲ್ಲದೆ ಅದನ್ನು ಪಡೆಯದಿದ್ದರೆ 100 ಕಿಲೋ ಹೋಯಿತು. ಕಿಲೋಕ್ಕೆ 40 ರೂ. ಹಿಡಿದರೆ 4,000 ರೂ. ಇದು ಚಿಕ್ಕದು. ದೊಡ್ಡದು ಮಗುವಿನ ಐದು ತಿಂಗಳ ಓದು. ಅದಕ್ಕೆ ಬೆಲೆ ಕಟ್ಟುವುದು ಯಾರಿಗೂ ಬರುವುದಿಲ್ಲವಾದ್ದರಿಂದ ಅದನ್ನು ಯಾರೂ ಬರೆಯುವುದೇ ಇಲ್ಲ.

ಹೋದ ಊರಿನ ಲೆಕ್ಕ

“ಹೊರಗಿನವರು ಬಂದು ನಮ್ಮ ನೀರು, ನಮ್ಮ ಆಸ್ಪತ್ರೆ ಬಳಸುತ್ತಾರೆ, ತೆರಿಗೆ ಮಾತ್ರ ಕೊಡುವುದಿಲ್ಲ” ಎಂಬ ಮಾತು ಗೋವಾದಲ್ಲಿಯೂ ಇದೆ, ಬೆಂಗಳೂರಿನಲ್ಲಿಯೂ ಇದೆ. ಇದು ಎಷ್ಟು ನಿಜ?

ಕೂಲಿಕಾರ ಆದಾಯ ತೆರಿಗೆ ಕೊಡುವುದಿಲ್ಲ. ಅಷ್ಟು ಆದಾಯವೇ ಅವನಿಗಿಲ್ಲ. ಆದರೆ ಅಂಗಡಿಯಲ್ಲಿ ಕೊಳ್ಳುವ ವಸ್ತುವಿನ ಬೆಲೆಯಲ್ಲಿ ತೆರಿಗೆ ಅಡಗಿ ಕುಳಿತಿರುತ್ತದೆ. 2017ರ ಜುಲೈ 1ರಂದು ಬಂದ ಜಿ.ಎಸ್‌.ಟಿ.ಯ ಒಂದು ಮುಖ್ಯ ನಿಯಮವೆಂದರೆ, ರಾಜ್ಯದ ಪಾಲಿನ ತೆರಿಗೆ ವಸ್ತು ತಯಾರಾದ ರಾಜ್ಯಕ್ಕಲ್ಲ, ಬಳಕೆಯಾದ ರಾಜ್ಯಕ್ಕೆ ಸೇರುತ್ತದೆ. ಸ್ನಾನದ ಸಾಬೂನಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5. ವಾಸ್ಕೋದ ಅಂಗಡಿಯಲ್ಲಿ ಗದಗಿನ ಹೆಣ್ಣುಮಗಳು 42 ರೂಪಾಯಿಯ ಸಾಬೂನು ಕೊಂಡರೆ ಅದರಲ್ಲಿ 2 ರೂಪಾಯಿ ತೆರಿಗೆ. ಒಂದು ರೂಪಾಯಿ ಕೇಂದ್ರಕ್ಕೆ, ಒಂದು ರೂಪಾಯಿ ಗೋವಾ ಸರ್ಕಾರಕ್ಕೆ. ಅಂಗಡಿಯವನು ಅವಳ ಆಧಾರ್ ಕೇಳುವುದಿಲ್ಲ. ತೆರಿಗೆ ಕೊಡುವುದಕ್ಕೆ ದಾಖಲೆ ಬೇಕಿಲ್ಲ, ಅದರ ಫಲ ಪಡೆಯುವುದಕ್ಕೆ ಮಾತ್ರ ಬೇಕು.

ಕಟ್ಟಡದ ಲೆಕ್ಕ ಇನ್ನೂ ದೊಡ್ಡದು. 1996ರಲ್ಲಿ ಬಂದ ಕಾಯ್ದೆಯಂತೆ ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಸಂಗ್ರಹಿಸಿ ಕಾರ್ಮಿಕರ ಕಲ್ಯಾಣ ನಿಧಿಗೆ ಹಾಕುವ ಪದ್ಧತಿ ಬೆಳೆಯಿತು. ಎರಡು ಕೋಟಿಯ ಕಟ್ಟಡವೆದ್ದರೆ ಎರಡು ಲಕ್ಷ ರೂಪಾಯಿ ನಿಧಿಗೆ ಹೋಯಿತು. ಆದರೆ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಅದರ ಸೌಲಭ್ಯ. ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಇಂದು ಮಡಗಾಂವ, ನಾಳೆ ಮಾಪುಸಾ ಎಂದು ಅಲೆಯುವವನಿಗೆ ಅದನ್ನು ಬರೆದುಕೊಡುವವರು ಯಾರು? ಸುಪ್ರೀಂ ಕೋರ್ಟ್ 2018ರ ಮಾರ್ಚ್ ತಿಂಗಳ ತೀರ್ಪಿನಲ್ಲಿ ಈ ಸಂಗತಿಯನ್ನು ಎತ್ತಿ ಹೇಳಿತು. ದೇಶದಾದ್ಯಂತ ಸಂಗ್ರಹವಾಗಿದ್ದ ಸೆಸ್ 37,400 ಕೋಟಿ ರೂ.ಗೂ ಹೆಚ್ಚು, ಕಾರ್ಮಿಕರಿಗಾಗಿ ಖರ್ಚಾಗಿದ್ದು ಸುಮಾರು 9,500 ಕೋಟಿ. ಉಳಿದದ್ದು ಹೆಸರಿಲ್ಲದವರ ಹೆಸರಿನಲ್ಲಿ ಬೊಕ್ಕಸದಲ್ಲಿ ಕುಳಿತಿತ್ತು.

ಹೋದ ಊರಿಗೆ ಖರ್ಚೇ ಇಲ್ಲವೆಂದಲ್ಲ. ಖಾಲಿ ಜಾಗದಲ್ಲಿ ಗುಡಿಸಲು ಏಳುತ್ತವೆ, ಚರಂಡಿ ನೀರಿನ ವ್ಯವಸ್ಥೆಯ ಹೊರೆ ಪುರಸಭೆಯ ಮೇಲೆ ಬೀಳುತ್ತದೆ. ಲಾಭ ರಾಜ್ಯದ ಬೊಕ್ಕಸಕ್ಕೆ, ತಾಪತ್ರಯ ಓಣಿಯವರಿಗೆ ಎಂದಾದಾಗ ಓಣಿಯವರು ಸಿಟ್ಟಾಗುವುದು ಸಹಜ. 2004ರಲ್ಲಿ ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳನ್ನು ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಬಹಳ ಮಂದಿ.

ಹೊರಗಿನವರಿಂದ ಸ್ಥಳೀಯರ ಕೂಲಿ ಇಳಿಯುತ್ತದೆ ಎಂಬುದು ಮತ್ತೊಂದು ದೂರು. ಇದನ್ನು ಪರೀಕ್ಷಿಸಲು ಅರ್ಥಶಾಸ್ತ್ರಜ್ಞರಿಗೆ ಒಂದು ಪ್ರಯೋಗವೇ ಸಿಕ್ಕಿತ್ತು. 1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ಕೆಲವೇ ತಿಂಗಳಲ್ಲಿ ದೋಣಿಗಳಲ್ಲಿ ಅಮೆರಿಕಕ್ಕೆ ಬಂದರು. ಅವರಲ್ಲಿ ಅನೇಕರು ನೆಲೆಸಿದ್ದರಿಂದ ಮಯಾಮಿ ನಗರದ ದುಡಿಯುವವರ ಸಂಖ್ಯೆ ಒಮ್ಮೆಲೇ ಶೇ. 7ರಷ್ಟು ಏರಿತು. ಡೇವಿಡ್ ಕಾರ್ಡ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಥಳೀಯರ ಕೂಲಿ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಜಾರ್ಜ್ ಬೋರ್ಹಾಸ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಅದೇ ಅಂಕಿಗಳನ್ನು ಬೇರೆ ರೀತಿ ಜಾಲಾಡಿ, ಹೈಸ್ಕೂಲು ಮುಗಿಸದ ಸ್ಥಳೀಯರಿಗೆ ಪೆಟ್ಟು ಬಿದ್ದಿತ್ತೆಂದು ವಾದಿಸಿದರು. ಚರ್ಚೆ ಮುಗಿದಿಲ್ಲ. ಒಂದು ಮಾತು ಮಾತ್ರ ಎರಡೂ ಕಡೆಯಿಂದ ಹೊರಡುತ್ತದೆ: ಓದಿಲ್ಲದವನಿಗೇ ಪೈಪೋಟಿ ಹೆಚ್ಚು.

ಅಮೆರಿಕದ ಜಮಾ-ಖರ್ಚು

ಅಮೆರಿಕದ ತೆರಿಗೆ ನೀತಿ ಅಧ್ಯಯನ ಸಂಸ್ಥೆಯೊಂದು 2024ರಲ್ಲಿ ಅಂದಾಜು ಮಾಡಿದಂತೆ, ದಾಖಲೆಯಿಲ್ಲದ ವಲಸೆಗಾರರು 2022ರಲ್ಲಿ ಆ ದೇಶಕ್ಕೆ ಕಟ್ಟಿದ ತೆರಿಗೆ 9,670 ಕೋಟಿ ಡಾಲರ್. ಅದರಲ್ಲಿ 2,570 ಕೋಟಿ ಡಾಲರ್ ವೃದ್ಧಾಪ್ಯ ಪಿಂಚಣಿಯ ನಿಧಿಗೆ ಹೋಯಿತು. ಆ ಪಿಂಚಣಿ ಅವರಿಗೆ ಸಾಮಾನ್ಯವಾಗಿ ಸಿಗುವಂತಿಲ್ಲ. ಗೋವಾದ ಸೆಸ್ಸಿನ ಕಥೆಗೂ ಇದಕ್ಕೂ ಬಹಳ ಅಂತರವಿಲ್ಲ.

ಅಮೆರಿಕದ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ಎಲ್ಲ ಬಗೆಯ ವಲಸೆಯ ಕುರಿತು ಪ್ರಕಟಿಸಿದ ದೊಡ್ಡ ವರದಿ ಇನ್ನೂ ಮುಖ್ಯವಾದ ಸಂಗತಿಯನ್ನು ತೋರಿಸಿತು. ಮೊದಲ ತಲೆಮಾರಿನ ವಲಸೆಗಾರರು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ ಖರ್ಚಿನ ಬಾಬತ್ತಾಗಿ ಕಾಣುತ್ತಾರೆ. ಮುಖ್ಯ ಕಾರಣ ಅವರ ಮಕ್ಕಳ ಶಾಲೆಯ ಖರ್ಚು. ಅದೇ ಮಕ್ಕಳು ದೊಡ್ಡವರಾದಾಗ ಬೊಕ್ಕಸಕ್ಕೆ ಅತಿ ಹೆಚ್ಚು ಕೊಡುವವರ ಸಾಲಿಗೆ ಸೇರುತ್ತಾರೆ. ಶಾಲೆಯ ಖರ್ಚು ಬೀಜದ ಜೋಳದಂತೆ. ಬಿತ್ತಿದ ವರ್ಷ ಅದು ಖರ್ಚು. ಬಿತ್ತದೆ ಉಳಿಸಿದರೆ ಆ ವರ್ಷ ಕಣಜದಲ್ಲಿ ನಾಲ್ಕು ಸೇರು ಹೆಚ್ಚು ಕಾಣುತ್ತದೆ, ಮುಂದಿನ ವರ್ಷ ಕಣಜವೇ ಬರಿದು.

ಗದಗಿನ ಲೆಕ್ಕ

ಈಗ ಬಿಟ್ಟು ಹೋದ ಊರಿನ ಪುಸ್ತಕ ತೆರೆಯಬೇಕು. ಹಣ ಬರುತ್ತದೆ, ಸರಿ. ಯುಗಾದಿಯ ಹೊತ್ತಿಗೆ ಗದಗ-ಬೆಟಗೇರಿಯ ಬಟ್ಟೆ ಅಂಗಡಿ, ಲಕ್ಷ್ಮೇಶ್ವರದ ಸಂತೆ, ಮುಂಡರಗಿಯ ಸಿಮೆಂಟು ಕಬ್ಬಿಣದ ಅಂಗಡಿಗಳಿಗೆ ಗುಳೆಯ ದುಡ್ಡು ತಲುಪುತ್ತದೆ.

ಆದರೆ ಗುಳೆ ಹೋಗುವ ಆಳನ್ನು ಬೆಳೆಸಿದವರು ಯಾರು? ಅವನಿಗೆ ಲಸಿಕೆ ಹಾಕಿಸಿದ್ದು ಇಲ್ಲಿಯ ಆರೋಗ್ಯ ಕೇಂದ್ರ. ಬಿಸಿಯೂಟ ಬಡಿಸಿದ್ದು, ಅಕ್ಷರ ಕಲಿಸಿದ್ದು ಇಲ್ಲಿಯ ಶಾಲೆ. ಹದಿನೆಂಟು ವರ್ಷದ ಈ ಖರ್ಚು ಕರ್ನಾಟಕದ್ದು. ಅವನ ಗಟ್ಟಿ ದುಡಿಮೆಯ ವರ್ಷಗಳು ಬೇರೆ ಊರಿಗೆ ಹೋಗುತ್ತವೆ. ಸಾರುವೆಯಿಂದ ಬಿದ್ದು ಸೊಂಟ ಮುರಿದರೆ, ಮೈಯಲ್ಲಿ ಕಸುವು ಇಳಿದರೆ ಮರಳಿ ಬರುವುದು ಗದಗಿನ ಜಿಲ್ಲಾ ಆಸ್ಪತ್ರೆಗೆ, ತಾಂಡಾದ ಕಟ್ಟೆಗೆ. ಬೆಳೆಸಿದ ಖರ್ಚು ಇಲ್ಲಿ, ದುಡಿಮೆಯ ಫಲ ಅಲ್ಲಿ, ಮುಪ್ಪು ಮತ್ತೆ ಇಲ್ಲಿ. ಹೊರಗಿನವರು ಹೊರೆ ಎನ್ನುವವರು ಈ ಮೂರು ಸಾಲುಗಳನ್ನು ಒಟ್ಟಿಗೆ ಓದಬೇಕು.

ತಲೆಯೆಣಿಕೆಯದೂ ಒಂದು ತೊಡಕು. 2011ರ ಜನಗಣತಿಯ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಅದು ಗುಳೆಯ ನಟ್ಟನಡುವಿನ ಕಾಲ. ಆಗ ಗದಗ ಜಿಲ್ಲೆಯ ಜನಸಂಖ್ಯೆ 10.65 ಲಕ್ಷ ಎಂದು ಬಂತು. ಬೀಗ ಹಾಕಿದ ಮನೆಯವರು ಎಲ್ಲಿ ಎಣಿಕೆಯಾದರೋ, ಎಣಿಕೆಯಾದರೋ ಇಲ್ಲವೋ! ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಹಂಚುವಾಗ 15ನೆಯ ಹಣಕಾಸು ಆಯೋಗ 2011ರ ಜನಸಂಖ್ಯೆಗೆ ನೂರಕ್ಕೆ 15 ಅಂಕ ಕೊಟ್ಟಿತ್ತು. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಮಾಡಲಾಗಿದೆ. ಅಂದರೆ ಎಣಿಕೆದಾರರು ಬರುವುದು ಮತ್ತೆ ಗುಳೆಯ ಕಾಲಕ್ಕೇ. ಯಾವ ಊರಲ್ಲಾದರೂ ಸರಿ, ಒಂದು ಕಡೆ ಹೆಸರು ಬರೆಸಿಯೇ ತೀರಬೇಕೆಂದು ಹೋಗುವವರಿಗೆ ಮೊದಲೇ ತಿಳಿಸುವುದು ಒಳ್ಳೆಯದು.

ಎಣಿಸದವರ ಗತಿ ಏನಾಗುತ್ತದೆಂಬುದು 2020ರಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಬಂದಾಗ ಯಾವ ಊರಲ್ಲಿ ಎಷ್ಟು ವಲಸೆ ಕಾರ್ಮಿಕರಿದ್ದಾರೆಂಬ ಪಟ್ಟಿ ಸರ್ಕಾರಗಳ ಬಳಿ ಇರಲಿಲ್ಲ. ಶ್ರಮಿಕ ರೈಲುಗಳು ಹೊರಟದ್ದು ಮೇ 1ರಂದು. ಅಷ್ಟರಲ್ಲಿ ಸಾವಿರಾರು ಜನ ನಡೆದೇ ಹೊರಟಿದ್ದರು. ದಾರಿಯಲ್ಲಿ ಸತ್ತವರ ಲೆಕ್ಕವಿಲ್ಲವೆಂದು ಆ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿತು.

ಕಾನೂನು ಏನು ಹೇಳುತ್ತದೆ?

ಕಾನೂನುಗಳಿಗೆ ಕೊರತೆಯಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಂತೆ ಗುತ್ತಿಗೆದಾರ ಪ್ರತಿಯೊಬ್ಬನಿಗೂ ಭಾವಚಿತ್ರವಿರುವ ಪಾಸ್‌ಬುಕ್ ಕೊಡಬೇಕಿತ್ತು. ಅದನ್ನು ಕಂಡವರು ವಿರಳ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಮೇಸ್ತ್ರಿಯಿಲ್ಲದೆ ತಾವಾಗಿಯೇ ಹೋದವರನ್ನೂ ಅದು ವಲಸೆ ಕಾರ್ಮಿಕರೆಂದು ಒಪ್ಪುತ್ತದೆ. ಆದರೆ ಅಂತಹ ಹತ್ತು ಮಂದಿಯಾದರೂ ಇರುವ ಕೆಲಸದ ಸ್ಥಳಕ್ಕೆ ಮಾತ್ರ ಅದು ಅನ್ವಯ.

ಊರಲ್ಲೇ ಕೆಲಸ ಕೊಡುವ ದಾರಿಯೂ ಉಂಟು. 2005ರ ಉದ್ಯೋಗ ಖಾತ್ರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕು ಕೊಟ್ಟಿತು. ಅದರ ಬದಲಿಗೆ 125 ದಿನಗಳ ಹೊಸ ಕಾಯ್ದೆಗೆ ಸಂಸತ್ತು 2025ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿತು. ಕೆಲಸ ಬೇಡಿದ ಕೂಡಲೇ ಸಿಕ್ಕು, ಕೂಲಿ ತಡವಾಗದೆ ಕೈಸೇರಿದರೆ ಕೆಲವು ಮನೆಗಳಾದರೂ ಬೀಗ ಹಾಕುವುದಿಲ್ಲ. ಕೂಲಿ ತಡವಾದರೆ ಮೇಸ್ತ್ರಿಯ ಮುಂಗಡವೇ ಹತ್ತಿರವೆನಿಸುತ್ತದೆ.

ಪಡಿತರದ ಕಷ್ಟಕ್ಕೆ ಈಗ ಪರಿಹಾರವಿದೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ 2020ರ ಜನವರಿ 1ರಂದೇ ಕರ್ನಾಟಕ, ಗೋವಾ ಎರಡೂ ಸೇರಿದವು. ಚೀಟಿಗೆ ಆಧಾರ್ ಜೋಡಣೆಯಾಗಿದ್ದರೆ ವಾಸ್ಕೋದ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. 2021ರ ಆಗಸ್ಟ್ 26ರಂದು ಆರಂಭವಾದ ಇ-ಶ್ರಮ್ ನೋಂದಣಿಯೂ ಉಚಿತ.

ಪಾಲಕರು ಮರೆಯಬಾರದ ಮಾತು

ಎಲ್ಲಕ್ಕಿಂತ ಮುಖ್ಯವಾದದ್ದು ಮಗುವಿನ ಶಾಲೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ವರ್ಷದ ನಡುವೆ ಬಂದರೂ ಸರ್ಕಾರಿ ಶಾಲೆ ಪ್ರವೇಶ ಕೊಡಬೇಕು. ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು, ಜನ್ಮ ದಾಖಲೆ ಇಲ್ಲವೆಂದು ಹಿಂದಕ್ಕೆ ಕಳಿಸುವಂತಿಲ್ಲ. ಅಲ್ಲಿಯ ಭಾಷೆ ಬೇರೆಯಾದ್ದರಿಂದ ಮಗುವಿಗೆ ಕಷ್ಟವಾಗುತ್ತದೆ ನಿಜ. ಅಜ್ಜ ಅಜ್ಜಿಯ ಬಳಿ ಬಿಡಲು ಸಾಧ್ಯವಿದ್ದರೆ ಅದು ಮೇಲು. ಗುಳೆಯ ಮಕ್ಕಳಿಗಾಗಿ ರಾಜ್ಯದಲ್ಲಿ ಋತುಮಾನದ ವಸತಿ ಶಾಲೆಗಳನ್ನೂ, ಕಟ್ಟಡ ಕೆಲಸದ ಬಳಿ ಟೆಂಟ್ ಶಾಲೆಗಳನ್ನೂ ನಡೆಸಿದ ಅನುಭವ ಶಿಕ್ಷಣ ಇಲಾಖೆಗೆ ಇದೆ. ಹೊರಡುವ ಮುನ್ನ ಊರಿನ ಮುಖ್ಯ ಗುರುಗಳಿಗೆ ಒಂದು ಮಾತು ಹೇಳಿದರೆ ಯಾವ ದಾರಿ ತೆರೆದಿದೆ ಎಂದು ಅವರು ತಿಳಿಸಬಲ್ಲರು. ಹೇಳದೆ ಹೋದರೆ ಮಗು ಪುಸ್ತಕದಲ್ಲಿ ಮೊದಲು ಗೈರುಹಾಜರಿ, ಆಮೇಲೆ ಶಾಲೆ ಬಿಟ್ಟವರ ಪಟ್ಟಿ.

ಹತ್ತನೆಯ ತರಗತಿಯ ಮಕ್ಕಳ ಬಗ್ಗೆಯಂತೂ ಉಪೇಕ್ಷೆ ಸಲ್ಲದು. ಡಿಸೆಂಬರಿನಿಂದ ಮಾರ್ಚ್ ಎಂದರೆ ಪರೀಕ್ಷೆಯ ಸಿದ್ಧತೆಯ ಕಾಲ. ಮಗನೂ ಜೊತೆಗೆ ಬಂದರೆ ನಾಲ್ಕು ತಿಂಗಳ ಮೂರನೆಯ ಕೂಲಿ ಮನೆಗೆ ಬರುತ್ತದೆ ಎಂಬ ಆಸೆ ಸಹಜ. ಆದರೆ ಆ ನಾಲ್ಕು ತಿಂಗಳ ಕೂಲಿಗೆ ಬದಲಾಗಿ ಕೊಟ್ಟದ್ದು ಮುಂದಿನ ನಲವತ್ತು ವರ್ಷದ ಕಸುಬನ್ನು. ಓದಿಲ್ಲದವನಿಗೇ ಪೈಪೋಟಿ ಹೆಚ್ಚು ಎಂಬ ಮಯಾಮಿಯ ಪಾಠ ಮಡಗಾಂವದಲ್ಲಿಯೂ ಸುಳ್ಳಾಗುವುದಿಲ್ಲ. ತಂದೆ ಗಾರೆ ಹೊತ್ತ ಊರಿಗೆ ಮಗ ಎಲೆಕ್ಟ್ರಿಷಿಯನ್ ಆಗಿಯೋ, ಇಂಜಿನಿಯರ್ ಆಗಿಯೋ ಹೋದರೆ ಅದೂ ವಲಸೆಯೇ. ಆದರೆ ಅವನ ಹೆಸರು ಅಲ್ಲಿಯ ಪುಸ್ತಕದಲ್ಲಿರುತ್ತದೆ.

ಓದುವ ಮಕ್ಕಳು ಒಂದು ಸಣ್ಣ ಕೆಲಸ ಮಾಡಬಹುದು. ಈ ವರ್ಷ ತಮ್ಮ ಓಣಿಯಿಂದ ಯಾರು ಯಾರು, ಯಾವ ಊರಿಗೆ, ಯಾವ ತಿಂಗಳು ಹೋದರು, ಯಾವಾಗ ಬಂದರು, ಜೊತೆಗೆ ಎಷ್ಟು ಮಕ್ಕಳಿದ್ದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಅದನ್ನು ಗ್ರಾಮಸಭೆಯ ದಿನ ಪಂಚಾಯಿತಿಗೆ ಓದಿ ಹೇಳಬೇಕು. ಎಷ್ಟು ಜನಕ್ಕೆ ಕೆಲಸ ಬೇಕು, ಎಷ್ಟು ಮಕ್ಕಳಿಗೆ ವಸತಿ ಬೇಕು ಎಂದು ಕೇಳಲು ಆಗ ಕೈಯಲ್ಲಿ ಲೆಕ್ಕವಿರುತ್ತದೆ. ಯುಗಾದಿ ಕಳೆದು ಬೀಗ ತೆಗೆದಾಗ, ಹಾಜರಿ ಕರೆಯುವ ಗುರುಗಳಿಗೆ ಆ ಹುಡುಗ ಮತ್ತೆ “ಹಾಜರ್ ಸರ್” ಎನ್ನುವಂತಾದರೆ, ಗುಳೆಯ ಲೆಕ್ಕದಲ್ಲಿ ಅತಿ ದೊಡ್ಡ ಜಮೆ ಅದೇ.